ಬಿ ಸೈಡಿನ ಕೊನೆಯ ಹತ್ತು ನಿಮಿಷ

ಕಾಪುವಿನ ನಮ್ಮ ಮನೆಯಲ್ಲಿ ಟೆಲಿಫೋನು ಇದ್ದದ್ದು ಚಾವಡಿಯಲ್ಲಿ, ಅತ್ತೆಯ ಮಂಚದ ತಲೆಯ ಬದಿಯಲ್ಲಿ. ಪ್ರತಿ ಶುಕ್ರವಾರ ಸಂಜೆ ದುಬೈಯಿಂದ ನನ್ನ ಗಂಡನ ಫೋನು ಬರುತ್ತಿತ್ತು. ಮೊದಲು ಅತ್ತೆ ಮಾತಾಡಬೇಕು, ಆಮೇಲೆ ಆ ಹೊತ್ತಿಗೆ ಸರಿಯಾಗಿ ಬಂದು ಕೂತಿರುವ ನೆಂಟರು, ಕೊನೆಗೆ ನಾನು. ನನ್ನ ಕೈಗೆ ರಿಸೀವರ್ ಬರುವಾಗ ಅವರ ಫೋನ್ ಕಾರ್ಡಿನಲ್ಲಿ ಒಂದು ನಿಮಿಷ ಉಳಿದಿರುತ್ತಿತ್ತು. ಆ ಒಂದು ನಿಮಿಷವನ್ನೂ ಅತ್ತೆ ಜಪಮಣಿ ಎಣಿಸುತ್ತಾ ಕಿವಿಗೊಟ್ಟು ಕೇಳುತ್ತಿದ್ದರು. ಊಟ ಆಯಿತಾ, ಆಯಿತು, ಮಗಳು ಹೇಗಿದ್ದಾಳೆ, ಚೆನ್ನಾಗಿದ್ದಾಳೆ. ಗಂಡ ಹೆಂಡತಿ ವಾರವಿಡೀ ಕಾದದ್ದು ಇದಕ್ಕೆ.

ಅವರು ಅಲ್ಲಿ ಏಸಿ ರಿಪೇರಿ ಮಾಡುತ್ತಿದ್ದರು. ಮದುವೆಯಾದ ನಲವತ್ತೊಂದನೆಯ ದಿನ ವಿಮಾನ ಹತ್ತಿದವರು, ಆಮೇಲೆ ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಹೋಗುತ್ತಿದ್ದರು. ಬಂದಾಗಲೂ ಮೊದಲ ಹದಿನೈದು ದಿನ ನೆಂಟರ ಮನೆ, ಕೊನೆಯ ಹದಿನೈದು ದಿನ ಪೆಟ್ಟಿಗೆ ಕಟ್ಟುವ ಗಡಿಬಿಡಿ. ನಡುವೆ ಉಳಿದದ್ದು ನನಗೆ. ನಮ್ಮ ಬೀದಿಯ ಹೆಚ್ಚಿನ ಹೆಂಗಸರ ಕಥೆ ಇದೇ ಆದ್ದರಿಂದ ಯಾರೂ ಯಾರ ಹತ್ತಿರವೂ ಅದನ್ನು ಹೇಳಿಕೊಳ್ಳುತ್ತಿರಲಿಲ್ಲ. ನನಗೆ ಮಾತ್ರ ಇದು ಅಭ್ಯಾಸವಾಗಲಿಲ್ಲ. ನನಗೆ ಅವರು ಬೇಕಿತ್ತು. ಬೆಳಿಗ್ಗೆ ಚಾ ಕುಡಿಯುವಾಗ ಎದುರಿಗೆ ಕೂತಿರಬೇಕಿತ್ತು, ಜಗಳ ಮಾಡಲಿಕ್ಕೆ ಸಿಗಬೇಕಿತ್ತು.

ಆಗ ಗಲ್ಫಿನವರ ಮನೆಗಳಲ್ಲಿ ಕಾಗದಕ್ಕಿಂತ ಕ್ಯಾಸೆಟ್ ಹೆಚ್ಚು. ಹೇಳಬೇಕಾದ್ದನ್ನು ಟೇಪಿನಲ್ಲಿ ಮಾತಾಡಿ, ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಕ್ಯಾಸೆಟ್ ಬಂದ ದಿನ ಇಡೀ ಮನೆ ಟೇಪ್ ರೆಕಾರ್ಡರಿನ ಸುತ್ತ ಕೂರುತ್ತಿತ್ತು. ಮೊದಲು ಉಮ್ಮನಿಗೆ, ಎಂದರೆ ತಾಯಿಗೆ, ಸಲಾಂ, ಆಮೇಲೆ ಮಾವಂದಿರಿಗೆ, ಅತ್ತೆಯಂದಿರಿಗೆ, ಪಕ್ಕದ ಮನೆಯ ಅಜ್ಜಿಗೆ. ಕೊನೆಗೆ, "ಎಲ್ಲರೂ ಆರೋಗ್ಯದಿಂದ ಇರಿ." ಆ 'ಎಲ್ಲರೂ' ಎಂಬುದರಲ್ಲಿ ನಾನಿದ್ದೆ.

ಇದಕ್ಕೊಂದು ಉಪಾಯ ಕಂಡುಹಿಡಿದದ್ದು ಅವರೇ. ಅವರಿಗೆ ಹುಡುಗಾಟದ ಪ್ರಾಯದಿಂದಲೂ ರಾಕ್ ಸಂಗೀತದ ಹುಚ್ಚು. ದುಬೈಯ ಅವರ ರೂಮಿನ ಕೆಳಗೆ ಕ್ಯಾಸೆಟ್ ಅಂಗಡಿಯೊಂದಿತ್ತು, ಕೆಲಸ ಮುಗಿಸಿ ಬಂದು ಅಲ್ಲೇ ನಿಲ್ಲುತ್ತಿದ್ದರಂತೆ. ಒಂದು ಸಲ ಮನೆಗೆಂದು ಮಾತಾಡಿದ ಕ್ಯಾಸೆಟ್ಟಿನ ಜೊತೆ ಇನ್ನೊಂದು ಬಂತು, ಹಾಡಿನದ್ದು. ಡಬ್ಬಿಯ ಮೇಲೆ ಏನೂ ಬರೆದಿರಲಿಲ್ಲ. ಹಾಕಿದೆವು. ಮೊದಲ ಡ್ರಮ್ಮಿನ ಪೆಟ್ಟಿಗೇ ಅತ್ತೆ ಎರಡು ಕಿವಿ ಮುಚ್ಚಿಕೊಂಡು, ಇದನ್ನು ತೆಗೆದುಕೊಂಡು ಹೋಗಿ ನಿನ್ನ ಕೋಣೆಯಲ್ಲಿ ಬಡಿದುಕೋ ಎಂದರು. ನಾನು ಒಯ್ದೆ. ಟೇಪ್ ರೆಕಾರ್ಡರಿನ ಫಾರ್ವರ್ಡ್ ಗುಂಡಿ ಮುರಿದಿದ್ದುದರಿಂದ ಮುಂದೆ ಓಡಿಸುವಂತಿರಲಿಲ್ಲ. ಎ ಸೈಡ್ ಇಡೀ ಕೇಳಿದೆ, ಬಿ ಸೈಡ್ ಇಡೀ ಕೇಳಿದೆ. ಕಿರುಚಾಟ, ತಂತಿ ಹರಿದುಹೋಗುವಂಥ ಗಿಟಾರು. ಎಲ್ಲ ಮುಗಿದು ಒಂದು ಕ್ಷಣ ಸದ್ದಿಲ್ಲ. ಆಮೇಲೆ ನಲ್ಲಿಯ ನೀರು ಬೀಳುವ ಶಬ್ದ, ಅದರ ನಡುವೆ ನನ್ನ ಗಂಡನ ಸ್ವರ: "ಕೇಳ್ತಾ ಉಂಟಾ?"

ಒಂದು ರೂಮಿನಲ್ಲಿ ಎಂಟು ಜನ ಇದ್ದುದರಿಂದ ಅವರು ಬಚ್ಚಲಿನಲ್ಲಿ ಬಾಗಿಲು ಹಾಕಿ, ನಲ್ಲಿ ಬಿಟ್ಟು ಮಾತಾಡುತ್ತಿದ್ದರು. ಹತ್ತು ನಿಮಿಷ ಬರೀ ನನ್ನ ಹತ್ತಿರ. ಏನು ಹೇಳಿದರೆಂದು ಇಲ್ಲಿ ಬರೆಯುವುದಿಲ್ಲ. ನಾಚಿಕೆಯಿಂದಲ್ಲ, ಅದು ನನ್ನದು ಎಂದು. ನಾವು ಮಾತಾಡುವುದು ಬ್ಯಾರಿ ಭಾಷೆಯಲ್ಲಿ. ಈ ಬರಹದಲ್ಲಿ ಬರುವ ನಮ್ಮ ಮಾತನ್ನು ನಾನು ಕನ್ನಡಕ್ಕೆ ತಂದದ್ದು ಎಂದಿಷ್ಟು ಹೇಳಿದರೆ ಸಾಕು.

ಹಾಗೆ ತಿಂಗಳಿಗೊಂದು ಬಂತು. ಆ ಹತ್ತು ನಿಮಿಷಕ್ಕಾಗಿ ಐವತ್ತು ನಿಮಿಷದ ಗಲಾಟೆ ಕೇಳಬೇಕು. ಕೇಳಿ ಕೇಳಿ ನನಗೆ ಯಾವ ತಂಡದ್ದು ಯಾವ ಗಿಟಾರು ಎಂದು ಗೊತ್ತಾಗತೊಡಗಿತು. ಕೆಲವು ಇಷ್ಟವೂ ಆದವು. ನಾನು ಉತ್ತರ ಕೊಡುವಾಗಲೂ ಇದೇ ದಾರಿ: ಹಳೆಯ ಕ್ಯಾಸೆಟ್ಟಿನ ಕೊನೆಯಲ್ಲಿ ಮಾತಾಡಿ, ವಾಪಸು ಹೋಗುವವರ ಕೈಯಲ್ಲಿ ಕೊಡುತ್ತಿದ್ದೆ.

ವ್ಯಾಪಾರ ಶುರುವಾದದ್ದು ಮಗಳ ಶಾಲೆಯ ಚೀಲದಿಂದ. ಚೀಲ ಹರಿದಿತ್ತು. ಕ್ಯಾಸೆಟ್ಟಿನ ಜೊತೆ ಅವರು ತಮಾಷೆಗೆಂದು ಕಳಿಸಿದ ಬಟ್ಟೆಯ ಪ್ಯಾಚ್ ಒಂದು ಮನೆಯಲ್ಲಿತ್ತು, ಯಾವುದೋ ರಾಕ್ ತಂಡದ ಗುರುತಾದ, ರೆಕ್ಕೆ ಇರುವ ತಲೆಬುರುಡೆಯದ್ದು. ಅದನ್ನೇ ಹರಿದ ಜಾಗಕ್ಕೆ ಹೊಲಿದೆ. ಪಕ್ಕದ ಮನೆಯ ಹುಡುಗಿ ಮಣಿಪಾಲದಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಭಾನುವಾರ ಬಂದವಳು ಅದನ್ನು ನೋಡಿ, ಐಜ್ವಾಲಿನಿಂದ ಬಂದ ತನ್ನ ರೂಮಿನವಳು ಇದಕ್ಕೆ ಎಷ್ಟು ಬೇಕಾದರೂ ಕೊಟ್ಟಾಳು ಎಂದಳು. ನಾನು ಅಲ್ಲೇ ಕತ್ತರಿ ತಂದು ಹೊಲಿಗೆ ಬಿಚ್ಚಿದೆ. ಮಗಳು ಎರಡು ದಿನ ಅತ್ತಳು, ಇಂದಿಗೂ ಅದನ್ನು ಹೇಳಿ ಚುಚ್ಚುತ್ತಾಳೆ.

ಮುಂದಿನ ಕ್ಯಾಸೆಟ್ಟಿನ ಜೊತೆ ಹತ್ತು ಪ್ಯಾಚ್ ಬಂದವು, ಅದರ ಮುಂದಿನದ್ದರ ಜೊತೆ ಐವತ್ತು. ಬ್ಯಾಡ್ಜು, ಬೆಲ್ಟಿನ ಬಕಲು, ಸುರುಳಿ ಸುತ್ತಿದ ಪೋಸ್ಟರು. ಊರಿಗೆ ಬರುವವರು ತಮ್ಮ ಹಾಲಿನ ಪುಡಿ, ಸೆಂಟಿನ ನಡುವೆ ಒಂದೊಂದು ಕಿಲೋ ನಮ್ಮದನ್ನೂ ತುರುಕಿ ತರುತ್ತಿದ್ದರು. ಭಾನುವಾರ ನಾನು ಬುರ್ಖಾ ಹಾಕಿಕೊಂಡು, ಬುತ್ತಿಯ ಚೀಲದಲ್ಲಿ ತಲೆಬುರುಡೆಗಳನ್ನು ತುಂಬಿಕೊಂಡು ಮಣಿಪಾಲದ ಹಾಸ್ಟೆಲ್ ಗೇಟಿನ ಹತ್ತಿರ ನಿಲ್ಲುತ್ತಿದ್ದೆ. ಕಾವಲಿನವನು ಮೊದಲು ನಾನು ಬಿರಿಯಾನಿ ಮಾರುತ್ತೇನೆಂದು ತಿಳಿದಿದ್ದ. ಬಕಲ್ ತೋರಿಸಿದ ಮೇಲೆ ಅವನು ನನ್ನನ್ನು ನೋಡುವ ರೀತಿಯೇ ಬದಲಾಯಿತು.

ಬೆಟ್ಟದ ರಾಜ್ಯಗಳಿಂದ ಮಣಿಪಾಲಕ್ಕೆ ಕಲಿಯಲು ಬಂದ ಮಕ್ಕಳು ರಜೆಯಲ್ಲಿ ಮನೆಗೆ ಹೋದಾಗ ನಮ್ಮ ಸಾಮಾನೂ ಹೋಯಿತು. ಆಮೇಲೆ ಪತ್ರಗಳು ಬರತೊಡಗಿದವು. ಐಜ್ವಾಲ್, ಶಿಲ್ಲಾಂಗ್, ಕೊಹಿಮಾ, ಡಾರ್ಜಿಲಿಂಗ್. ನಮ್ಮಲ್ಲಿ ಇದು ಸಿಗುವುದಿಲ್ಲ, ಅಂಚೆಯಲ್ಲಿ ಕಳಿಸುತ್ತೀರಾ ಎಂದು. ಕಾಪುವಿನ ಪೋಸ್ಟ್ ಮಾಸ್ಟರರು ವಿ.ಪಿ.ಪಿ. ಮಾಡುವ ಕ್ರಮ ಹೇಳಿಕೊಟ್ಟರು. ಕಟ್ಟು ಅಲ್ಲಿಗೆ ಮುಟ್ಟಿ, ಪೋಸ್ಟ್‌ಮ್ಯಾನ್ ಹಣ ಪಡೆದು, ಅದು ನಮಗೆ ಮನಿಯಾರ್ಡರಾಗಿ ಬರುವ ಏರ್ಪಾಡು. ಒಳಗೆ ಎಂತ ಉಂಟು ಎಂದು ಕೇಳಿದರು. ಬಟ್ಟೆಯ ತುಂಡು ಎಂದೆ. ಇಷ್ಟು ದೂರದವರಿಗೆ ಕಾಪುವಿನ ಬಟ್ಟೆಯ ತುಂಡು ಯಾಕೆ ಎಂದು ಅವರು ಬಹಳ ದಿನ ತಲೆಕೆಡಿಸಿಕೊಂಡಿದ್ದರು.

ಟೀ-ಶರ್ಟಿಗಾಗಿ ಕಾರ್ಕಳಕ್ಕೆ ಹೋದೆ. ಅಲ್ಲಿ ಮದುವೆಯ ಕಾಗದ, ಯಕ್ಷಗಾನದ ಪೋಸ್ಟರ್ ಮುದ್ರಿಸುವವರೊಬ್ಬರು ಬಟ್ಟೆಗೂ ಸ್ಕ್ರೀನ್ ಪ್ರಿಂಟ್ ಮಾಡುತ್ತಿದ್ದರು. ನನ್ನ ಚಿತ್ರ ನೋಡಿ, ಇದು ಕರೆಂಟಿನವರ ಅಪಾಯದ ಬೋರ್ಡಾ ಎಂದು ಕೇಳಿದರು. ಮಗಳ ಶಾಲೆಯ ಡ್ರಾಯಿಂಗ್ ಪುಸ್ತಕದಲ್ಲಿ ನಾನೇ ಬರೆದ ಚಿತ್ರ ಅದು, ಹಾಗಾಗಿ ಅವರನ್ನು ದೂರುವಂತಿಲ್ಲ. ಆದರೆ ಮುದ್ರಣ ಎಂದರೆ ಮುದ್ರಣ. ಎಷ್ಟು ಒಗೆದರೂ ಬಿರುಕು ಬಿಡುತ್ತಿರಲಿಲ್ಲ. ಬೆಟ್ಟದ ಸಣ್ಣ ಸಣ್ಣ ತಂಡಗಳು ತಮ್ಮ ಹೆಸರಿನ ಅಂಗಿ ಮಾಡಿಕೊಡಿ ಎಂದು ಚಿತ್ರ ಕಳಿಸತೊಡಗಿದ್ದು ಆ ಮುದ್ರಣದಿಂದ. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ನಮ್ಮ ಮಟ್ಟಿಗೆ ನಿಜವಾಯಿತು.

ಅತ್ತೆಯ ಬಗ್ಗೆ ಒಂದು ಹೇಳಬೇಕು. ಮುಖದ ಚಿತ್ರ ಇರುವ ಮನೆಗೆ ಮಲಕುಗಳು, ಎಂದರೆ ದೇವದೂತರು, ಬರುವುದಿಲ್ಲ ಎಂಬುದು ಅವರ ನಂಬಿಕೆ. ನಮಾಜಿನ ಹೊತ್ತಿಗೆ ಚಾವಡಿಯ ತುಂಬ ಅಂಗಿ ಹರಡಿ ಅದರಲ್ಲಿ ಉದ್ದ ಕೂದಲಿನ ಗಂಡಸರು ಹಲ್ಲು ಕಿಸಿದುಕೊಂಡಿದ್ದರೆ ಹೇಗಾಗಬೇಡ? ನಾನು ವ್ಯಾಪಾರ ಬಿಡಲು ತಯಾರಿರಲಿಲ್ಲ, ಅವರು ಮಲಕುಗಳನ್ನು ಬಿಡಲು ತಯಾರಿರಲಿಲ್ಲ. ಕೊನೆಗೆ ಅವರೇ ರಾಜಿ ಮಾಡಿದರು. ಪ್ರತಿ ಅಂಗಿಯನ್ನೂ ಒಳಮೈ ಹೊರಗೆ ಮಾಡಿ, ಚಿತ್ರ ಸ್ವಲ್ಪವೂ ಕಾಣದಂತೆ ಮಡಚಬೇಕು. ಮಡಚುವ ಕೆಲಸಕ್ಕೆ ತಾವೇ ಕೂತರು, ನನ್ನ ಮೇಲೆ ನಂಬಿಕೆ ಇಲ್ಲದೆ. ಗಿರಾಕಿಗಳಿಗೆ ಅದು ಬಹಳ ಹಿಡಿಸಿತು. ಕಟ್ಟು ಬಿಚ್ಚಿದರೆ ಬರೀ ಕಪ್ಪು ಬಟ್ಟೆ, ಕೊಡವಿ ತಿರುಗಿಸಿದಾಗ ಚಿತ್ರ. ನಕಲಿ ಮಾರುವವರು ಬಂದ ಮೇಲೂ ಒಳಮೈ ಹೊರಗಿದ್ದರೆ ಅದು ಕಾಪುವಿನದ್ದು ಎಂದು ಗುರುತು ಹಿಡಿಯುತ್ತಿದ್ದರು. ಇವತ್ತೂ ನಮ್ಮಲ್ಲಿ ಹಾಗೆಯೇ ಮಡಚುವುದು.

ಮದುವೆಯಾಗಿ ಎಂಟನೆಯ ವರ್ಷ. ನಾದಿನಿಯ ಮದುವೆ ಮುಗಿದಿತ್ತು, ಮನೆಯ ಮಾಡು ರಿಪೇರಿಯಾಗಿತ್ತು. ಇನ್ನು ಅವರು ಅಲ್ಲಿ ಯಾಕಿರಬೇಕು? ಈ ವ್ಯಾಪಾರ ನಮ್ಮ ನಾಲ್ವರ ಹೊಟ್ಟೆ ತುಂಬುವಷ್ಟು ಆಗಿದೆ ಎಂದು ನನಗೆ ಅನಿಸಿತ್ತು. ಒಂದು ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿ ಟೇಪಿನಲ್ಲಿ ಕೇಳಿಯೇಬಿಟ್ಟೆ. "ಇನ್ನೆಷ್ಟು ವರ್ಷ? ನನಗೆ ಸಾಕಾಗಿ ಹೋಯ್ತು." ಅಷ್ಟೇ ಹೇಳಿದೆ, ಅದಕ್ಕಿಂತ ಹೆಚ್ಚು ಹೇಳಿದರೆ ಅಳು ಬರುತ್ತಿತ್ತು. ಕ್ಯಾಸೆಟ್ ಹೋಯಿತು. ಉತ್ತರಕ್ಕೆ ಕಾದೆ.

ಆ ದಿನಗಳಲ್ಲಿ ನಾವು ದೊಡ್ಡ ಆರ್ಡರಿನ ಜೊತೆ ಹಾಡಿನ ಒಂದು ಕ್ಯಾಸೆಟ್ ಉಡುಗೊರೆಯಾಗಿ ಕಳಿಸುವುದಿತ್ತು. ಅವರೇ ಹಾಡು ತುಂಬಿಸಿ ಕೊಡುತ್ತಿದ್ದರು. ಗಿರಾಕಿಗಳದ್ದರ ಡಬ್ಬಿಯ ಮೇಲೆ ತಂಡದ ಹೆಸರು ಬರೆದಿರುತ್ತಿತ್ತು. ಏನೂ ಬರೆಯದ ಡಬ್ಬಿ ನನ್ನದು. ಆ ಸಲ ಸಾಮಾನು ತಂದವರು ನಮ್ಮ ಬೀದಿಯವರೇ. ಪೆಟ್ಟಿಗೆಯಲ್ಲಿ ಜಾಗ ಸಾಲದೆ ಅವರು ಹತ್ತೂ ಕ್ಯಾಸೆಟ್ಟುಗಳನ್ನು ಡಬ್ಬಿಯಿಂದ ತೆಗೆದು, ಒಂದು ಲುಂಗಿಯಲ್ಲಿ ಸುತ್ತಿ, ಡಬ್ಬಿಗಳನ್ನು ಬೇರೆ ಕಡೆ ತುರುಕಿ ತಂದಿದ್ದರು. ಮನೆಗೆ ಮುಟ್ಟಿದ ಮೇಲೆ, ಒಳ್ಳೆಯ ಮನುಷ್ಯ, ನಮಗೆ ಕೊಡುವ ಮೊದಲು ಎಲ್ಲವನ್ನೂ ಅಚ್ಚುಕಟ್ಟಾಗಿ ಡಬ್ಬಿಗೆ ಹಾಕಿದ್ದರು. ಯಾವ ಡಬ್ಬಿಗೆ ಯಾವುದು ಎಂಬುದು ಅವರಿಗೆ ದೊಡ್ಡ ವಿಷಯವಾಗಿ ಕಂಡಿರಲಿಲ್ಲ. ಇದೆಲ್ಲ ಆಗ ನನಗೆ ಗೊತ್ತಿರಲಿಲ್ಲ. ಹೆಸರು ಬರೆದಿದ್ದ ಒಂಬತ್ತನ್ನೂ ಅದೇ ದಿನ ಕಟ್ಟುಗಳಲ್ಲಿ ಹಾಕಿ ಅಂಚೆಗೆ ಕೊಟ್ಟೆ. ಬರೆಯದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೋಣೆಗೆ ಹೋದೆ.

ಎ ಸೈಡ್ ಮುಗಿಯಿತು. ಬಿ ಸೈಡ್ ಮುಗಿಯಿತು. ಕೊನೆಯವರೆಗೂ ಹಾಡೇ. ನಲ್ಲಿಯ ಶಬ್ದವಿಲ್ಲ, ಸ್ವರವಿಲ್ಲ. ಗುಂಡಿ ತಾನಾಗಿ ಟಕ್ಕೆಂದು ಮೇಲೆದ್ದಿತು. ನಾನು ತಿರುಗಿಸಿ ಮತ್ತೊಮ್ಮೆ ಪೂರ್ತಿ ಕೇಳಿದೆ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಆ ದಿನದ್ದು ಬರೀ ಸಿಟ್ಟಲ್ಲ. ನಾನು ನಾಚಿಕೆ ಬಿಟ್ಟು ಕೇಳಿದ್ದೆ, ಅವರು ಡ್ರಮ್ಮು ಬಾರಿಸಿ ಕಳಿಸಿದ್ದರು. ನಾನು ಉತ್ತರದ ಕ್ಯಾಸೆಟ್ಟಿನಲ್ಲಿ ಸಾಮಾನಿನ ಪಟ್ಟಿ ಓದಿದೆ. ಇಂಥ ಪ್ಯಾಚ್ ಇಷ್ಟು, ಇಂಥ ಬಕಲ್ ಇಷ್ಟು, ಪೋಸ್ಟರ್ ಕಳೆದ ಸಲ ಮಡಿಕೆ ಬಿದ್ದು ಹಾಳಾಗಿದೆ, ಜಾಗ್ರತೆ. ಬೇರೆ ಒಂದು ಮಾತೂ ಇಲ್ಲ. ಮುಂದಿನ ತಿಂಗಳ ಒಂದು ಶುಕ್ರವಾರ ಫೋನಿನಲ್ಲಿ ಅವರ ಸ್ವರ ಸಣ್ಣದಾಗಿತ್ತು.

"ಕ್ಯಾಸೆಟ್ ಕೇಳಿದ್ಯಾ?"

"ಕೇಳಿದೆ."

"ಎಂತ ಹೇಳ್ತಿ?"

ಅತ್ತೆಯ ಜಪಮಣಿ ನಿಂತಿತ್ತು. "ಹೇಳ್ಲಿಕ್ಕೆ ಎಂತ ಉಂಟು? ಪಟ್ಟಿ ಕಳಿಸಿದ್ದೇನಲ್ಲ," ಎಂದೆ.

ಅವರು, "ಆಯ್ತು," ಎಂದರು. ಕಾರ್ಡು ಮುಗಿಯಿತು.

ಅವರು ಕಂಪೆನಿಯ ಕಾಗದಕ್ಕೆ ಮತ್ತೆ ಸಹಿ ಹಾಕಿದ್ದು ಆ ವಾರ. ಆಮೇಲೆ ಕ್ಯಾಸೆಟ್ಟುಗಳಲ್ಲಿ ಮಾತು ಬರುವುದು ನಿಂತಿತು. ನಾನೂ ನಿಲ್ಲಿಸಿದೆ. ಒಂದು ಸಲ ಕೇಳಿದ್ದೆ, ಎರಡನೆಯ ಸಲ ಕೇಳುವ ಜಾಯಮಾನ ನನ್ನದಲ್ಲ. ಅವರು ರಜೆಯಲ್ಲಿ ಬಂದಾಗಲೂ ಇಬ್ಬರೂ ಆ ವಿಷಯ ಎತ್ತಲಿಲ್ಲ. ನನ್ನ ಕ್ಯಾಸೆಟ್ ಆ ದಿನ ಎಲ್ಲಿಗೆ ಹೋಗಿತ್ತು, ಅದರಲ್ಲಿ ಏನಿತ್ತು ಎಂದು ನನಗೆ ತಿಳಿಯಲು ಹತ್ತೊಂಬತ್ತು ವರ್ಷ ಹಿಡಿಯಿತು.

ಆ ಹತ್ತೊಂಬತ್ತು ವರ್ಷ ವ್ಯಾಪಾರ ಬೆಳೆದ ವೇಗ ನೋಡಿದರೆ ಯಾರಿಗಾದರೂ ನಾವು ಪುಣ್ಯವಂತರು ಅನಿಸಬೇಕು. ಮಾತು ನಿಂತ ಮೇಲೆ ಅವರು ಸಾಮಾನಿನ ಹಿಂದೆ ಬಿದ್ದರು. ಎಲ್ಲೆಲ್ಲಿಂದಲೋ ಹುಡುಕಿ ತರುತ್ತಿದ್ದರು, ಯಾರ ಹತ್ತಿರವೂ ಇಲ್ಲದ್ದು ನಮ್ಮಲ್ಲಿ ಇರುತ್ತಿತ್ತು. ನಾನೂ ಅಷ್ಟೇ. ಸಿಟ್ಟಿನವಳ ಕೈಯಲ್ಲಿ ಕೆಲಸ ಬೇಗ ಸಾಗುತ್ತದೆ. ಕಾಪುವಿನ ಅಂಚೆ ಕಚೇರಿಗೆ ನಮ್ಮ ಮೂಟೆಗಳು ಹೆಚ್ಚಾಗಿ, ಆಟೋದಲ್ಲಿ ಹೇರಿಕೊಂಡು ಉಡುಪಿಯ ದೊಡ್ಡ ಪೋಸ್ಟ್ ಆಫೀಸಿಗೆ ಹೋಗತೊಡಗಿದೆ. ಆಮೇಲೆ ಉಡುಪಿಯಲ್ಲೇ ಬಾಡಿಗೆಗೆ ಒಂದು ಗೋಡೌನು. ಅಲೆವೂರಿನ ಕಡೆಯಿಂದ ನಾಲ್ಕು ಹೆಂಗಸರು ಬೆಳಗ್ಗಿನ ಬಸ್ಸಿನಲ್ಲಿ ಕೆಲಸಕ್ಕೆ ಬಂದರು. ಕಾರ್ಕಳದವರು ಮದುವೆಯ ಕಾಗದ ಬಿಟ್ಟು ವರ್ಷವಿಡೀ ನಮ್ಮದೇ ಮುದ್ರಿಸಿದರು. ಮಗಳು ಮಣಿಪಾಲದಲ್ಲಿ ಕಲಿತು ವೆಬ್‌ಸೈಟ್ ಮಾಡಿದಳು. ಕೊರಿಯರಿನವರು ದಿನಕ್ಕೆರಡು ಸಲ ಬಾಗಿಲಿಗೆ ಬಂದರು.

ಮೊಬೈಲ್ ಬಂತು, ವಿಡಿಯೋ ಕಾಲ್ ಬಂತು. ಈಗ ಚಾವಡಿಯ ಕಾವಲಿಲ್ಲ, ಕಾರ್ಡು ಮುಗಿಯುವುದಿಲ್ಲ. ದಿನಕ್ಕೆ ಹತ್ತು ಸಲ ಮಾತಾಡುತ್ತಿದ್ದೆವು: ಎಕ್ಸ್‌ಎಲ್ ಸೈಜು ಮುಗಿದಿದೆ, ಹೊಸ ಬಕಲ್ ಭಾರವಾಯಿತು. ನಾನೊಂದು ಬಲೆಯಲ್ಲಿ ಸಿಕ್ಕಿಕೊಂಡಿದ್ದೆ. ಅವರನ್ನು ಮನೆಗೆ ತರಲಿಕ್ಕೆಂದೇ ನಾನು ಈ ವ್ಯಾಪಾರ ಬೆಳೆಸಿದ್ದು. ಬೆಳೆದಷ್ಟೂ ಸಾಮಾನು ಕಳಿಸುವವರು ಅಲ್ಲಿ ಬೇಕಾದರು.

ಅತ್ತೆ ತೀರಿಕೊಂಡಾಗ ನನ್ನ ಗಂಡ ಒಂದು ವಾರಕ್ಕೆ ಬಂದಿದ್ದರು. ಬಂದವರೆಲ್ಲ ಹೋದ ಮೇಲೆ ಚಾವಡಿಯಲ್ಲಿ ನಾವಿಬ್ಬರೇ ಉಳಿದೆವು, ಮದುವೆಯಾದ ಮೇಲೆ ಮೊದಲ ಸಲ. ಅತ್ತೆ ಮಡಚಿಟ್ಟಿದ್ದ ಕೊನೆಯ ಅಂಗಿಗಳ ಅಟ್ಟಿ ಮಂಚದ ಮೇಲಿತ್ತು. ಅವರು ಒಂದನ್ನು ಎತ್ತಿ ಬಿಚ್ಚಿ ನೋಡಿ, ಮತ್ತೆ ಮಡಚಲು ಹೋದರು, ಅತ್ತೆಯ ಹಾಗೆ ಬರಲಿಲ್ಲ. ನನಗೆ ಕೇಳಬೇಕೆನಿಸಿತು. ಅವರಿಗೂ ಏನೋ ಹೇಳಲಿಕ್ಕಿತ್ತು, ಮುಖದಲ್ಲಿ ಕಾಣುತ್ತಿತ್ತು. ಬಾಯಿ ಬಿಟ್ಟದ್ದು ನಾನೇ. ಕಳೆದ ಸಲದ ಬಕಲುಗಳಿಗೆ ತುಕ್ಕು ಹಿಡಿದಿದೆ ಎಂದೆ. ಬೇರೆ ಕಡೆ ನೋಡುತ್ತೇನೆ ಎಂದರು.

ಶಿಲ್ಲಾಂಗಿನ ಒಂದು ತಂಡದವರು ಆರಂಭದಿಂದಲೂ ನಮ್ಮ ಗಿರಾಕಿಗಳು. ತಂಡದ ಹಿರಿಯ, ಗಿಟಾರ್ ಬಾರಿಸುವವರು, ಕಾಲೇಜಿನ ಪ್ರಾಯದಲ್ಲಿ ನಮ್ಮಿಂದ ಪ್ಯಾಚ್ ತರಿಸುತ್ತಿದ್ದವರು. ಈಗ ಅರ್ಧ ತಲೆ ಬೆಳ್ಳಗಾಗಿದೆ. ತಾಯಿಯ ಚಿಕಿತ್ಸೆಗೆಂದು ಮಣಿಪಾಲಕ್ಕೆ ಬಂದಿದ್ದವರು, ಒಂದು ಸಂಜೆ ಉಡುಪಿಯ ಗೋಡೌನನ್ನು ಹುಡುಕಿಕೊಂಡು ಬಂದರು. ಅಷ್ಟು ವರ್ಷ ಅಂಚೆಯಲ್ಲೇ ಪರಿಚಯವಿದ್ದವರು ಎದುರು ಸಿಕ್ಕಾಗ ಆಗುವ ಸಂತೋಷವೇ ಬೇರೆ. ಕುರ್ಚಿ ಹಾಕಿ, ಗೋಳಿಬಜೆ ತರಿಸಿದೆ. ನನ್ನ ಹಿಂದಿ ಹರಕು, ಅವರದ್ದೂ ಹರಕು, ಸರಿಯಾಗಿ ಹೊಂದಿತು.

ಅವರು ನನಗೆಂದು ತಮ್ಮ ಹಳೆಯ ಹಾಡೊಂದನ್ನು ಮೊಬೈಲಿನಲ್ಲಿ ಹಚ್ಚಿದರು. ಅವರ ಊರಿನ ಕಾಲೇಜುಗಳಲ್ಲಿ ಈಗಲೂ ಜನ ಎದ್ದು ನಿಂತು ಕೇಳುವ ಹಾಡಂತೆ. ಅದರ ಶುರುವಿಗೆ ಇರುವ ಧ್ವನಿ ನೀವು ಉಡುಗೊರೆಯಾಗಿ ಕಳಿಸಿದ ಕ್ಯಾಸೆಟ್ಟಿನ ಕೊನೆಯಲ್ಲಿ ಸಿಕ್ಕಿದ್ದು, ಯಾವ ಭಾಷೆ ಎಂದು ಗೊತ್ತಾಗದಿದ್ದರೂ ಹಾಡಿಗೆ ಅದು ಬೇಕೇ ಬೇಕೆನಿಸಿತು ಎಂದರು. ನನಗೆ ಅರ್ಥವಾಗುವ ಮೊದಲೇ ನೀರು ಬೀಳುವ ಶಬ್ದ ಕೇಳಿತು. ಆಮೇಲೆ ನನ್ನ ಗಂಡನ ಸ್ವರ, ಮೂವತ್ತೈದರ ಪ್ರಾಯದ್ದು.

"ಕೇಳ್ತಾ ಉಂಟಾ? ಇನ್ನೆಷ್ಟು ವರ್ಷ ಅಂತ ಕೇಳಿದ್ದಿಯಲ್ಲ. ಕಾಗದಕ್ಕೆ ಸಹಿ ಹಾಕುವ ದಿನ ಬಂತು. ನಾನು ಬರ್ಲಾ? ನೀನು ಬನ್ನಿ ಅಂದ್ರೆ ಬರ್ತೇನೆ, ಉಮ್ಮನಿಗೆ ನಾನು ಹೇಳ್ತೇನೆ. ನಾವಿಬ್ಬರೂ ಸೇರಿ ಇದನ್ನೇ ಮಾಡುವ. ನಿನಗೆ ಈಗ ಬೇಡ ಅಂತ ಆದ್ರೆ ಎಂತದೂ ಹೇಳ್ಬೇಡ ಮಾರಾಯ್ತಿ, ನನಗೆ ಬೇಜಾರಿಲ್ಲ."

ಅದರ ಮೇಲೆ ಗಿಟಾರು ಬಂತು, ಡ್ರಮ್ಮು ಬಂತು. ಹಾಡು ಪೂರ್ತಿ ಮುಗಿಯುವವರೆಗೆ ನಾನು ಕೂತೇ ಇದ್ದೆ. ಅಲೆವೂರಿನ ಹೆಂಗಸರು ಮಡಚುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಹಾಡು ಚೆನ್ನಾಗಿಲ್ಲವೇ ಎಂದು ಶಿಲ್ಲಾಂಗಿನವರು ಕೇಳಿದರು. ಚೆನ್ನಾಗಿದೆ ಎಂದೆ. ಇದರ ಅರ್ಥ ಏನು ಎಂದರು. ಒಬ್ಬ ಗಂಡಸು ಮನೆಗೆ ಬರಲಾ ಎಂದು ಹೆಂಡತಿಯನ್ನು ಕೇಳುತ್ತಿದ್ದಾನೆ ಎಂದೆ.

"ಅವಳು ಏನು ಹೇಳಿದಳು?"

"ಅವಳಿಗೆ ಕೇಳಿಸಲೇ ಇಲ್ಲ," ಎಂದೆ.

ಅವರು ಬುದ್ಧಿವಂತರು. ಗೋಳಿಬಜೆಯ ತಟ್ಟೆಯನ್ನು ಕೆಳಗಿಟ್ಟು, ತಾಯಿ ಒಬ್ಬರೇ ಇದ್ದಾರೆ ಎಂದು ಎದ್ದು ಹೋದರು.

ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಗಾದೆ. ಬರುವುದಿಲ್ಲವೆಂದು ಗೊತ್ತಿದ್ದೂ ಗೋಡೌನಿನ ಹಿಂದಿನ ಬಾಗಿಲಲ್ಲಿ ನಿಂತು ಫೋನು ಮಾಡಿದೆ. ಅವರು ಯಾವ ಸಾಮಾನು ಮುಗಿದಿದೆ ಎಂದು ಕೇಳಿದರು. "ಬನ್ನಿ," ಎಂದೆ.

"ಎಲ್ಲಿಗೆ?"

"ಮನೆಗೆ. ಸಾಕು, ಬನ್ನಿ."

ಆ ಕಡೆ ಏಸಿಯ ಸದ್ದು ಕೇಳುತ್ತಿತ್ತು. "ಈ ಮಾತು ಹೇಳ್ಲಿಕ್ಕೆ ಇಷ್ಟು ವರ್ಷ ಬೇಕಾಯ್ತಾ ನಿನಗೆ?" ಎಂದರು. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಆಗ ಎಲ್ಲವನ್ನೂ ಹೇಳಿದೆ. ಲುಂಗಿಯಲ್ಲಿ ಸುತ್ತಿ ತಂದದ್ದು ಮಾತ್ರ ಆಗ ನನಗೂ ಗೊತ್ತಿರಲಿಲ್ಲ, ತಂದವರನ್ನು ಮರುದಿನ ಹೋಗಿ ಕೇಳಿ ತಿಳಿದದ್ದು. ಉಳಿದದ್ದನ್ನು ಹೇಳಿದೆ. ಎರಡು ಸಲ ತಿರುಗಿಸಿ ಕೇಳಿದ್ದನ್ನು, ಡ್ರಮ್ಮು ಬಾರಿಸಿ ಕಳಿಸಿದಿರೆಂದು ಸಿಟ್ಟಿನಲ್ಲಿ ಪಟ್ಟಿ ಓದಿದ್ದನ್ನು, ಶಿಲ್ಲಾಂಗಿನವರ ಹಾಡನ್ನು. ಫೋನು ಕಟ್ಟಾಯಿತೇ ಎಂದು ನೋಡಿದೆ, ಆಗಿರಲಿಲ್ಲ.

"ಹಾಗಾದ್ರೆ ನೀನು ಬೇಡ ಅಂದದ್ದಲ್ಲ," ಎಂದರು ಕೊನೆಗೆ.

"ಅಲ್ಲ."

ಅವರು ಅಳುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವರ ಉಮ್ಮ ತೀರಿಕೊಂಡಾಗಲೂ ಅವರು ಎಲ್ಲರ ಎದುರು ಗಟ್ಟಿಯಾಗಿಯೇ ಇದ್ದರು. ಹೆಂಡತಿ ಬೇಡವೆಂದಳು ಎಂದು ತಿಳಿದುಕೊಂಡು, ಹತ್ತೊಂಬತ್ತು ವರ್ಷ ಪ್ರತಿ ತಿಂಗಳು ಅವಳಿಗೆ ಬೇಕಾದ್ದನ್ನು ಹುಡುಕಿ ಕಳಿಸಿದ ಮನುಷ್ಯ. ಅದನ್ನು ನೆನೆದಾಗ ನನಗೆ ನನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕೆನಿಸುತ್ತದೆ.

ಐದು ತಿಂಗಳಲ್ಲಿ ಬಂದರು, ಪೂರ್ತಿಯಾಗಿ. ವಿಮಾನ ನಿಲ್ದಾಣದಿಂದ ಬರುವಾಗ ಪಡುಬಿದ್ರೆ ದಾಟುವವರೆಗೆ ನಾವಿಬ್ಬರೂ ಕಾರಿನ ಒಂದೊಂದು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆವು. ಮುಂದೆ ಕೂತಿದ್ದ ಮಗಳಿಗೇ ತಡೆಯಲಾಗದೆ, ಹೊಸ ಬಕಲ್ ಎಲ್ಲಿ ಎಂದು ತಮಾಷೆ ಮಾಡಿದಳು. ತಂದಿಲ್ಲ ಎಂದರು. ವಿದೇಶದ ಸಾಮಾನು ತರಿಸುವುದನ್ನು ನಾವು ಆ ವರ್ಷ ನಿಲ್ಲಿಸಿದೆವು. ಬೆಟ್ಟದ ತಂಡಗಳ ಅಂಗಿ ಮಾತ್ರ ಮಾಡುತ್ತೇವೆ. ವ್ಯಾಪಾರ ಸ್ವಲ್ಪ ಇಳಿಯಿತು, ಮತ್ತೆ ನಿಧಾನವಾಗಿ ಏರುತ್ತಿದೆ. ಕಾರ್ಕಳಕ್ಕೆ ಈಗ ಅವರೇ ಹೋಗುತ್ತಾರೆ, ಮುದ್ರಣದವರ ಜೊತೆ ತಾಸುಗಟ್ಟಲೆ ಕೂತು ಬಣ್ಣದ ಬಗ್ಗೆ ಚರ್ಚೆ ಮಾಡುತ್ತಾರೆ. ರಾಕ್ ಕೇಳುವುದನ್ನು ಬಿಟ್ಟಿದ್ದಾರೆ. ತಲೆನೋವು ಬರುತ್ತದಂತೆ. ನಾನು ಹಚ್ಚಿದರೆ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋಗುತ್ತಾರೆ, ಥೇಟ್ ಅವರ ಉಮ್ಮನ ಹಾಗೆ. ನಾನು ಗುಟ್ಟಾಗಿ ನಗುತ್ತೇನೆ.

ಬಂದು ಎರಡು ವರ್ಷವಾಯಿತು. ಬೆಳಿಗ್ಗೆ ಚಾ ಕುಡಿಯುವಾಗ ಎದುರಿಗೆ ಕೂತಿರುತ್ತಾರೆ. ಜಗಳಕ್ಕೂ ಸಿಗುತ್ತಾರೆ, ಸಕ್ಕರೆ ಹಾಕಿಕೊಳ್ಳುವ ವಿಷಯದಲ್ಲಿ ದಿನವೂ ಒಂದಿರುತ್ತದೆ. ಮೊಣಕಾಲು ನೋವಿಗೆ ನನ್ನ ಕೈಯಲ್ಲೇ ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ. ನಾನು ಬೇಡಿದ್ದೆಲ್ಲ ಸಿಕ್ಕಿತು, ಇಲ್ಲವೆಂದರೆ ದೇವರು ಮೆಚ್ಚಲಾರ. ಇವರ ಮೇಲೆ ನನಗೆ ಪ್ರೀತಿ ಇದೆ, ಕಡಿಮೆಯೇನಲ್ಲ.

ಆದರೂ ಕೆಲವು ಮಧ್ಯಾಹ್ನ ಇವರು ಪಕ್ಕದಲ್ಲಿ ಮಲಗಿ ನಿದ್ದೆ ಹೋಗಿರುವಾಗಲೇ ನನಗೆ ಅವರ ಹಂಬಲವಾಗುತ್ತದೆ. ಎಂಟು ಜನರ ರೂಮಿನ ಬಚ್ಚಲಿನಲ್ಲಿ ಬಾಗಿಲು ಹಾಕಿ, ನಲ್ಲಿ ಬಿಟ್ಟು, ಮೆಲ್ಲಗೆ ಕೇಳಿ, ಒಂದು ತಿಂಗಳು ಉತ್ತರಕ್ಕೆ ಕಾದವರ ಹಂಬಲ. ಇವರಿಗೆ ಬನ್ನಿ ಎಂದೆ, ಬಂದರು. ಬರಲಾ ಎಂದು ಕೇಳಿದವರಿಗೆ ನಾನು ಹೇಳಲೇ ಇಲ್ಲ.